ಕೆಮ್ಮಿನ ಹಿಂದಿನ ಅಕ್ಷರ

ಕುತಾಯಿಸಿಯ ಹಳೇ ರೇಡಿಯೋ ಕಟ್ಟಡ, ಮೂರನೇ ಮಹಡಿ.
ಕೆಳಗೆ ರಿಯೋನಿ ಹೊಳೆ ಕಲ್ಲುಗಳ ಜೊತೆ ವಾದಿಸುತ್ತ
ಒಂದು ವಾಕ್ಯವನ್ನೂ ಮುಗಿಸದೆ ಹರಿಯುತ್ತಿದೆ.
ಜುಂಬೇರ್ ಕಿಟಕಿ ಮುಚ್ಚಿದ. ಕ್ಯಾಸೆಟ್ಟಿನ ಹಲ್ಲಿಗೆ
ಪೆನ್ಸಿಲ್ ತೂರಿಸಿ ಸಡಿಲ ಸುರುಳಿ ಬಿಗಿದ.

ಪೆಲಗಿಯಾಗೆ ಎಂಬತ್ತೊಂದು. ಕೋಟು ಬಿಚ್ಚಲಿಲ್ಲ.
ಮಡಿಲ ಚೀಲದಲ್ಲಿ ಅವನಿಗೆಂದು ತಂದ ಅಕ್ರೋಟು.
ಪಕ್ಕದಲ್ಲಿ ಮಗಳು ಮ್ಜೆವಿನಾರ್; ಇಬ್ಬರ ನಡುವೆ
ಮೂವತ್ತು ವರ್ಷದಿಂದ ಇತ್ಯರ್ಥವಾಗದ ಒಂದು ವ್ಯಾಜ್ಯ.
ನಾನು ಬಂದದ್ದು ಬೇರೆ ಕೆಲಸಕ್ಕೆ. ಕುರ್ಚಿ ಖಾಲಿಯಿತ್ತು, ಕೂತೆ.

ಕರೆಂಟಿಲ್ಲದ ಆ ಚಳಿಗಾಲದಲ್ಲಿ
ಬ್ಯಾಟರಿಯ ಕೊನೆಯ ಕಸುವಿಗೆ ಸಿಕ್ಕಷ್ಟು ದನಿ:
ಸೀಮೆಎಣ್ಣೆ ಒಲೆಯ ಬುಸುಬುಸು, ಲೋಟಕ್ಕೆ ತಾಗಿದ ಚಮಚ,
ಅಂಬ್ರೋಸಿ. ‘ಪೆಲಗಿಯಾ’ ಎಂಬ ಕರೆ.
ಕೆಮ್ಮು.
ಆಮೇಲೆ ಒಂದೇ ಒಂದು ಮಾತು.
ಅಲ್ಲಿಗೆ ಬ್ಯಾಟರಿ ತೀರಿತು. ಮಾರ್ಚಿನಲ್ಲಿ ಅವನೂ.

ಅವರ ಭಾಷೆಯಲ್ಲಿ ಕರಿ ಎಂದರೆ ಬಾಗಿಲು.
ಕರಿ ಎಂದರೆ ಗಾಳಿ.
ಬರೆದರೆ ಬೇರೆ ಬೇರೆ ಅಕ್ಷರ; ನನ್ನ ಕಿವಿಗೆ ಅವಳಿಗಳು,
ಯಾವುದು ಯಾವುದೆಂದು ಹೆತ್ತವಳಿಗಷ್ಟೇ ಗೊತ್ತು.
ಮ್ಜೆವಿನಾರ್ ನನ್ನ ಅಂಗೈಯನ್ನು ತನ್ನ ಬಾಯೆದುರು ಹಿಡಿದಳು.
ಗಾಳಿ ಅಂದಳು: ಅಂಗೈ ಬೆಚ್ಚಗಾಯಿತು.
ಬಾಗಿಲು ಅಂದಳು: ಏನೂ ಇಲ್ಲ.
ಗಂಟಲಲ್ಲಿ ಅಗುಳಿ ಬಿದ್ದಿದೆ, ಉಸಿರು ಒಳಗೇ ನಿಂತಿದೆ,
ಸಣ್ಣದೊಂದು ಚಟಕ್ಕು ಮಾತ್ರ ಹೊರಗೆ.
ಮಹಾಪ್ರಾಣವೆಂದರೆ ದೊಡ್ಡ ಉಸಿರು ಎಂದು
ಬೆತ್ತದ ಕೆಳಗೆ ಬಾಯಿಪಾಠ ಮಾಡಿದವನು ನಾನು,
ಆಡುವಾಗ ಎಲ್ಲವನ್ನೂ ಅಲ್ಪ ಮಾಡಿಕೊಂಡವನು.
ಹತ್ತು ಸಲ ಅಂದಳು. ಕೈಗೆ ತಿಳಿಯಿತು.
ಕಿವಿಗೆ ಇಲ್ಲ.

ಬಾಗಿಲು, ಎನ್ನುತ್ತಾಳೆ ಪೆಲಗಿಯಾ.
ಅಂದಿನಿಂದ ಅಗುಳಿ ಹಾಕಿ ಮಲಗಿದವಳಲ್ಲ.
ಗಾಳಿ, ಎನ್ನುತ್ತಾಳೆ ಮಗಳು. ಆ ರಾತ್ರಿ ಮೂಡಣದಿಂದ
ತಗಡು ಕಿತ್ತೊಯ್ಯುವ ಗಾಳಿ, ಅಪ್ಪನಿಗೆ ಸೂರಿನದೇ ಚಿಂತೆ.
ನೆಲ ಒರೆಸುತ್ತಿದ್ದ ದೊಮ್ನಾ ಬಾಗಿಲಲ್ಲಿ ಇಣುಕಿ,
ಇಬ್ಬರದೂ ತಪ್ಪು, ಅವನಂದದ್ದು ಬರೀ ಅರಿ,
ನಮ್ಮ ಹಳ್ಳಿ ಕಡೆ ‘ಇದೆ’ ಅನ್ನೋದು ಹಾಗೇ, ಅಂದಳು.
ಏನಿದೆ?
ಅದು ನಂಗೇನು ಗೊತ್ತು, ಎಂದು ಬಕೆಟ್ ಎತ್ತಿಕೊಂಡು ಹೋದಳು.

ಜುಂಬೇರ್ ದನಿಯನ್ನು ಪರದೆಯ ಮೇಲೆ ಹರವಿದ.
ಮೀನು ತಿಂದುಳಿದ ಮುಳ್ಳಿನ ಹಾಗೆ ಗೆರೆ.
ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ.
ಕೆಮ್ಮು ಇದ್ದಲ್ಲಿ ಕೆಮ್ಮಷ್ಟೇ ಇತ್ತು,
ಅದರ ಅಡಿಯಲ್ಲಿ ಅಕ್ಷರವೇ ಇರಲಿಲ್ಲ.
ಮೂವತ್ತು ವರ್ಷ ಇಬ್ಬರೂ ಕೇಳಿದ್ದರು ಅದನ್ನು, ಸ್ಪಷ್ಟವಾಗಿ.

ಒಳ್ಳೆಯ ಮನಸ್ಸಿನಿಂದಲೇ ಅವನು ಕೆಮ್ಮನ್ನು ಕತ್ತರಿಸಿ ತೆಗೆದ.
ಜಾಗ ಬರಿದು ಬಿಟ್ಟ. ಕೇಳಿಸಿದ.

ಪೆಲಗಿಯಾ ಹೆಡ್‌ಫೋನ್ ಕಿತ್ತೆಸೆದಳು.
ಮಾತೆಲ್ಲಿ? ಏನು ಮಾಡಿದೆ ಅವನ ಮಾತನ್ನ?
ಮಗಳೂ ಬೆಚ್ಚಿದಳು, ಗಾಳಿಯೂ ಇರಲಿಲ್ಲ ಅಲ್ಲಿ,
ಹಲ್ಲು ಬಿದ್ದ ಸಂದಿನಂಥ ಮೌನ, ಆಚೆ ಒಂದು ತುಂಡು ಸ್ವರ.
ಹಾದಿಯಲ್ಲಿ ಗುಂಡಿ ಕಂಡರೆ ಕಾಲು ನಿಲ್ಲುತ್ತದೆ;
ಗುಂಡಿಯ ಮೇಲೆ ತರಗೆಲೆ ಬಿದ್ದಿದ್ದರೆ
ನೆಲವಿದೆ ಎಂದೇ ದಾಟುತ್ತದೆ. ಕಿವಿಯೂ ಅಂಥದ್ದೇ ಕಾಲು.
ಮರೆಯಾದದ್ದನ್ನು ನಂಬುತ್ತದೆ,
ಇಲ್ಲವಾದದ್ದನ್ನು ಒಲ್ಲದು.

ಜುಂಬೇರ್ ಏನೂ ಹೇಳಲಿಲ್ಲ.
ಕೆಮ್ಮನ್ನು ಎತ್ತಿ, ಇದ್ದಲ್ಲೇ ಇಟ್ಟ.

ಬಾಗಿಲು ಬಂತು. ಗಾಳಿಯೂ ಬಂತು.
ತಾಯಿ ಕಣ್ಣೊರೆಸಿದಳು, ಮಗಳು ಮುಖ ತಿರುವಿದಳು,
ವ್ಯಾಜ್ಯ ಮೊದಲಿನಂತೆ ತನ್ನ ಜಾಗದಲ್ಲಿ ಕೂತಿತು.
ಅಕ್ರೋಟು ಒಡೆದು ಹಂಚಿದರು.

ನನ್ನ ಕಿವಿಗೂ ಒಮ್ಮೆ ಹೆಡ್‌ಫೋನ್ ಇಟ್ಟರು.
ಕೆಮ್ಮಿನಾಚೆ ನನಗೆ ಕೇಳಿದ್ದು ಕನ್ನಡ:
ಅರಿ.
ಬಾಯಿ ಬಿಡಲಿಲ್ಲ. ಸತ್ತವನು ನನಗೆ ಯಾರೂ ಅಲ್ಲ,
ಆ ಮನೆಯ ಆಸ್ತಿಯಲ್ಲಿ ನನಗೆಂಥ ಪಾಲು?

ಇನ್ನೊಂದು ಸಲ ಹಾಕು, ಎಂದಳು ಪೆಲಗಿಯಾ,
ಕೋಟಿನ ಗುಂಡಿ ಮುಟ್ಟಿ ನೋಡಿಕೊಳ್ಳುತ್ತ.
ಪೂರ್ತಿ ಬೇಡ.
ಕೆಮ್ಮಿನಿಂದ ಹಾಕು.